ಕಳ್ಳಿಗೆಷ್ಟು ಬಿಸಿಲು

ನಮ್ಮ ಮನೆಗೆ ಹೊಸದಾಗಿ ಬಂದವರು ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಒಳಗಿನ ಕೆಂಪು ನೆಲದ ಮೇಲೆ ಸೀಮೆಸುಣ್ಣದ ಪುಟ್ಟ ಪುಟ್ಟ ಗೆರೆಗಳು ಒಂದರ ಮುಂದೊಂದು ಉತ್ತರದ ಗೋಡೆಯ ಕಡೆಗೆ ಸಾಲಾಗಿ ಹೋಗಿವೆ. "ಎಂತ, ಈ ವಯಸ್ಸಲ್ಲಿ ಗಂಡ ಹೆಂಡತಿ ಕುಂಟೆಬಿಲ್ಲೆ ಆಡ್ತೀರನಾ?" ಎಂದು ಕೇಳಿದವರೂ ಇದ್ದಾರೆ. ನೆಲ ಒರೆಸುವಾಗ ನನ್ನ ಹೆಂಡತಿ ಗಿರಿಜ ಆ ಗೆರೆಗಳನ್ನು ಬಿಟ್ಟು ಸುತ್ತಲೂ ಬಟ್ಟೆ ಆಡಿಸುತ್ತಾಳೆ. ಅವು ಹೇಗೆ ಬಂದವು ಎಂದು ನಾನು ಹೇಳಲು ಶುರು ಮಾಡಿದರೆ ಬಂದವರ ಕಾಫಿ ಆರಿಹೋಗುತ್ತದೆ. ಹಾಗಾಗಿ ಅವರಿಗೆ ಹೇಳುವುದಿಲ್ಲ. ನಿಮಗೆ ಹೇಳುತ್ತೇನೆ, ನಿಮ್ಮ ಕಾಫಿ ನಿಮ್ಮ ಜವಾಬ್ದಾರಿ.

ನಾನು ಕೊಪ್ಪದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಮನೆ, ಅಂಗಡಿ ಎರಡೂ ಒಂದೇ. ಪೂರ್ವಕ್ಕೆ ರಸ್ತೆ, ರಸ್ತೆಗೆ ಸ್ಟುಡಿಯೋ, ಅದರ ಹಿಂದೆ ಟಿವಿ ಇರುವ ಹಾಲು, ಹಾಲಿನ ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು ಮತ್ತು ಅಂಗೈಯಗಲದ ಹಿತ್ತಿಲು. ಉತ್ತರಕ್ಕೆ ಪಕ್ಕದ ಮನೆಯ ಗೋಡೆಯೇ ನಮ್ಮ ಗೋಡೆ. ದಕ್ಷಿಣಕ್ಕೆ ಒಂದು ಗೋದಾಮಿನ ಎತ್ತರದ ಗೋಡೆ. ಆ ಕಡೆಗೇ ಸ್ಟುಡಿಯೋದ ಮಗ್ಗುಲಲ್ಲಿ ಮಾತ್ರ ಒಂದು ಖಾಲಿ ಸೈಟಿದೆ. ಈ ಭೂಗೋಳವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಹತ್ತೊಂಬತ್ತು ವರ್ಷ ನೆನಪಿಟ್ಟುಕೊಳ್ಳದೆ ಕೆಟ್ಟೆ.

ಬೆಳಕೇ ನನ್ನ ಹೊಟ್ಟೆಪಾಡು. ಈ ಮಾತನ್ನು ಗಿರಾಕಿಗಳ ಎದುರು ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತಿದ್ದೆ. ಕೆಲಸ ಕಲಿತದ್ದು ಶೃಂಗೇರಿಯಲ್ಲಿ, ಶಾಮಣ್ಣನವರ ಸ್ಟುಡಿಯೋದಲ್ಲಿ. ಅವರು ಈಗಿಲ್ಲ. ಮಠಕ್ಕೆ ಬಂದ ಸಂಸಾರಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ ಅವರು ಕ್ಯಾಮೆರಾಕ್ಕಿಂತ ಹೆಚ್ಚಾಗಿ ನಂಬಿದ್ದು ಒಂದು ಬೆಳಕು ಅಳೆಯುವ ಮೀಟರನ್ನು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮುಂದೆ ಜೇನುಗೂಡಿನಂಥ ಗಾಜು, ಮೇಲೆ ಒಂದು ಮುಳ್ಳು. ಅದಕ್ಕೆ ಸೆಲ್ ಬೇಕಿಲ್ಲ. ಬೆಳಕು ಬಿದ್ದರೆ ಮುಳ್ಳು ಏಳುತ್ತದೆ, ಇಲ್ಲದಿದ್ದರೆ ಮಲಗುತ್ತದೆ. ನಾನು ಮೊದಲ ದಿನ "ಮೀಟರ್ ಯಾಕೆ, ಕಣ್ಣಿಗೇ ಕಾಣ್ತದಲ್ಲ?" ಎಂದು ಕೇಳಿದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿ, ತಮ್ಮ ಮನೆಮಾತಿನಲ್ಲಿ, "ಮಾಣಿ, ಕಣ್ಣು ದಾಕ್ಷಿಣ್ಯದ ಜನ. ಕತ್ತಲೆ ಇದ್ರೂ 'ಅಡ್ಡಿಲ್ಲೆ, ಕಾಣ್ತು' ಹೇಳ್ತು. ಅದ್ರ ಮಾತು ನಂಬಡ," ಎಂದಿದ್ದರು. ನಾನು ಕೊಪ್ಪಕ್ಕೆ ಬಂದು ಸ್ವಂತ ಬೋರ್ಡು ಹಾಕಿದಾಗ ಆ ಮೀಟರನ್ನೇ ಕೈಗಿಟ್ಟರು. ಆಮೇಲೆ ಡಿಜಿಟಲ್ ಬಂತು. ಮೀಟರು ಮೇಜಿನ ಖಾನೆಯಲ್ಲಿ, ಹಳೆಯ ನೆಗೆಟಿವ್‌ಗಳ ಕೆಳಗೆ, ಕತ್ತಲೆಯಲ್ಲಿ ಮಲಗಿತು.

ಗಿರಿಜ ಹಿರಿಯೂರಿನ ಕಡೆಯವಳು. ಅಲ್ಲಿ ಬೇಲಿಗೂ ಕಳ್ಳಿ, ಹೊಲದ ಬದುವಿಗೂ ಕಳ್ಳಿ. ಮದುವೆಯಾಗಿ ಬಂದಾಗ ಟ್ರಂಕಿನ ಜೊತೆ ಒಂದು ಮಣ್ಣಿನ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಅದರೊಳಗೆ ಗೇಣುದ್ದದ, ಏಣು ಏಣಾದ ಒಂದು ಕಳ್ಳಿ. ಅವಳ ಅಪ್ಪ ಎಲ್ಲಿಂದಲೋ ತಂದು ಕಿಟಕಿಯಲ್ಲಿ ಬೆಳೆಸಿದ್ದು. "ನಿನ್ನ ಜೊತೆ ನಮ್ಮ ಬಿಸಿಲೂ ಒಂಚೂರು ಬರಲಿ," ಎಂದು ಕೊಟ್ಟರಂತೆ. ಮರುವರ್ಷ ಅವರು ತೀರಿಕೊಂಡರು. ನಮ್ಮಮ್ಮ ಆಗ ಇದ್ದಳು. "ಮುಳ್ಳನ್ನ ಯಾರಾದ್ರೂ ಮನೆ ಒಳಗೆ ಇಡ್ತಾರನಾ?" ಎಂದು ಎರಡು ದಿನ ಗೊಣಗಿ, ಮೂರನೆಯ ದಿನ ತಾನೇ ಅದಕ್ಕೆ ನೀರು ಹಾಕಿದಳು. ಗಿರಿಜ ಓಡಿಬಂದು ಕುಂಡ ಬಗ್ಗಿಸಿ ನೀರು ಚೆಲ್ಲಿದಳು. ಅತ್ತೆ ಸೊಸೆಯ ಮೊದಲ ಜಗಳ ಅದೇ, ಕೊನೆಯದೂ ಹೆಚ್ಚುಕಡಿಮೆ ಅದೇ.

ಹೋದ ವರ್ಷ ಮೇ ಕೊನೆಯಲ್ಲಿ ಹಿರಿಯೂರಿನಲ್ಲಿ ನಮ್ಮತ್ತೆ, ಅಂದರೆ ಗಿರಿಜಳ ಅಮ್ಮ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಗಿರಿಜ ಹೊರಟಳು. ಬಸ್ಸು ಹತ್ತುವ ಮುಂಚೆ ಗ್ಯಾಸ್ ಬಗ್ಗೆ, ಹಾಲಿನವನ ಬಗ್ಗೆ ಎರಡೆರಡು ಮಾತು ಹೇಳಿ, ಕೊನೆಗೆ ಕಿಟಕಿಯಿಂದ ಬಗ್ಗಿ ಹೇಳಿದಳು, "ಕಳ್ಳಿ ಒಂದು ನೋಡ್ಕೊಳ್ರಿ. ಬಿಸಿಲು ಎಲ್ಲೈತೋ ಅಲ್ಲಿಡ್ರಿ. ನೀರು ಬ್ಯಾಡ. ಅಪ್ಪಂದು ಅಂತ ನನ್ನತ್ರ ಇರೋದು ಅದೊಂದೇ ಕಣ್ರೀ."

"ಬೆಳಕಿನ ವಿಷಯ ನನಗೆ ಹೇಳಬೇಕನಾ?" ಎಂದೆ. ಬಸ್ಸು ಹೋಯಿತು.

ಕಳ್ಳಿಯನ್ನು ತಂದು ಹಾಲಿನಲ್ಲಿ ಟಿವಿಯ ಪಕ್ಕ ಇಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಬೆಳಕಿನ ಜಾಗ ಇಲ್ಲವೆಂದು ನನ್ನ ನಂಬಿಕೆ. ಹಾಲಿನ ಗೋಡೆಗೆ ನಾನೇ ಆರಿಸಿ ಹಚ್ಚಿಸಿದ ಬಿಳಿ ಬಣ್ಣ, ಅಲ್ಲಿ ಪೇಪರ್ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ಮಳೆ ಹಿಡಿಯಿತು. ಜೂನ್ ಕಳೆಯಿತು, ಜುಲೈ ಬಂತು. ಗಿರಿಜ ಫೋನ್ ಮಾಡಿದಾಗಲೆಲ್ಲ "ಕಳ್ಳಿ ಹೆಂಗೈತ್ರಿ?" ಎನ್ನುವುದು, ನಾನು "ಬೆಳೀತಾ ಇದೆ ಮಾರಾಯ್ತಿ, ನಿನ್ನ ಕೈಲಿ ಇಷ್ಟು ಬೆಳೆದಿರಲಿಲ್ಲ," ಎನ್ನುವುದು. ಅದು ನಿಜವೂ ಹೌದು. ಎರಡೇ ತಿಂಗಳಲ್ಲಿ ನಾಲ್ಕು ಬೆರಳು ಬೆಳೆದಿತ್ತು.

ಪಕ್ಕದ ಅಂಗಡಿಯ ಟೈಲರ್ ರಾಘಣ್ಣ ಒಂದು ಮಧ್ಯಾಹ್ನ ಕತ್ತರಿ ಸಾಣೆಗೆ ಕೊಟ್ಟು ಬರುವ ದಾರಿಯಲ್ಲಿ ಒಳಗೆ ಬಂದ. ಕಳ್ಳಿಯನ್ನು ನೋಡಿ, ಇನ್ನೊಮ್ಮೆ ನೋಡಿ, "ಎಂತ ಮಾರಾಯ, ಇದರ ಕುತ್ತಿಗೆ ಹೀಗೆ ಬಡಕಲಾಗಿದೆ?" ಎಂದ. ನೋಡಿದರೆ ಹೌದು! ಹಳೆಯ ಮೈ ಕಡುಹಸಿರು, ಮುಷ್ಟಿ ಗಾತ್ರ. ಹೊಸದಾಗಿ ಬೆಳೆದ ನಾಲ್ಕು ಬೆರಳು ಮಾತ್ರ ಹೆಬ್ಬೆರಳಿನಷ್ಟು ಸಣ್ಣ, ಬೆಳ್ಳಗೆ, ಹಿತ್ತಿಲ ಬಾಗಿಲಿನ ಕಡೆಗೆ ವಾಲಿಕೊಂಡಿದೆ. ನಾನು ಬೆಳವಣಿಗೆ ಎಂದು ಹೆಮ್ಮೆಪಟ್ಟದ್ದು ಅದರ ಒದ್ದಾಟ. ಬೆಳಕು ಎಲ್ಲಿದೆ ಎಂದು ಕತ್ತು ಉದ್ದ ಮಾಡಿ ಹುಡುಕುತ್ತಿತ್ತು. ನನಗೆ ನಾಚಿಕೆಯೂ ಆಯಿತು, ಗಿರಿಜಳ ಬಸ್ಸಿನ ಕಿಟಕಿಯ ಮುಖ ನೆನಪಾಗಿ ಹೆದರಿಕೆಯೂ ಆಯಿತು.

"ಇಷ್ಟು ಬೆಳಕಿದೆಯಲ್ಲ ಇಲ್ಲಿ?" ಎಂದೆ.

"ನನ್ನನ್ನ ಕೇಳಬೇಡ," ಎಂದ ರಾಘಣ್ಣ. "ನಾನು ದಾರದ ಬಣ್ಣ ನೋಡಕ್ಕೆ ಮಳೆಯಲ್ಲೂ ರಸ್ತೆಗೆ ಹೋಗೋನು. ಒಳಗೆ ನೋಡಿದ್ರೆ ನೀಲಿಯೂ ಕಪ್ಪೂ ಒಂದೇ."

ಆಗ ಶಾಮಣ್ಣನವರ ಮೀಟರು ನೆನಪಾಯಿತು. ಖಾನೆಯಿಂದ ತೆಗೆದು ಒರೆಸಿದೆ. ಇಷ್ಟು ವರ್ಷದ ಮೇಲೆ ಅದು ಸತ್ತಿರಬಹುದು ಎಂದುಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ಹಿಡಿದೆ. ಮೋಡ ಕವಿದ ಮಧ್ಯಾಹ್ನ, ಸೋನೆ ಮಳೆ. ಮುಳ್ಳು ನಿದ್ದೆಯಿಂದ ಎದ್ದವರಂತೆ ಒಮ್ಮೆ ನಡುಗಿ ಸರ್‍ರನೆ ಮೇಲಕ್ಕೇರಿತು! ಅಲ್ಲಿಂದ ಹಿಂದೆ ಹೆಜ್ಜೆ ಇಟ್ಟೆ. ನಮ್ಮ ಕಸುಬಿನಲ್ಲಿ ಬೆಳಕನ್ನು ಸ್ಟಾಪ್ ಎಂಬ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಯಿತು ಎಂದರ್ಥ. ಬಾಗಿಲಿನಿಂದ ಒಂದು ಮಾರು ಒಳಗೆ ಬಂದೆ, ಎರಡು ಸ್ಟಾಪ್ ಇಳಿಯಿತು. ಅಂದರೆ ಕಾಲುಭಾಗ. ಇನ್ನೂ ಎರಡು ಹೆಜ್ಜೆ, ಮತ್ತೆ ಅರ್ಧ. ಟಿವಿಯ ಬಳಿ ಬಂದು ಕಳ್ಳಿಯ ನೆತ್ತಿಯ ಮೇಲೆ ಹಿಡಿದಾಗ ಒಟ್ಟು ಏಳು ಸ್ಟಾಪ್ ಇಳಿದಿತ್ತು. ಅರ್ಧದ ಅರ್ಧದ ಅರ್ಧ ಎಂದು ಏಳು ಸಲ ಮಾಡಿ ನೋಡಿ: ನೂರ ಇಪ್ಪತ್ತೆಂಟರಲ್ಲಿ ಒಂದು ಪಾಲು. ಹೊರಗೆ ಮೋಡದ ದಿನವೇ ನೂರ ಇಪ್ಪತ್ತೆಂಟು ಚಮಚ ಬೆಳಕಿದ್ದರೆ ನಾನು ಆ ಜೀವಕ್ಕೆ ಎರಡು ತಿಂಗಳು ಒಂದೇ ಚಮಚ ಕೊಟ್ಟು, ಹೊಟ್ಟೆ ತುಂಬಿತಲ್ಲ ಎಂದು ಬೆನ್ನು ತಟ್ಟಿದ್ದೆ.

ನನ್ನ ಕಣ್ಣು ಮಾತ್ರ ಅಷ್ಟೂ ದೂರ 'ಅಡ್ಡಿಲ್ಲೆ, ಕಾಣ್ತು' ಎನ್ನುತ್ತಲೇ ಇತ್ತು. ಬಾಗಿಲಲ್ಲೂ ಅದೇ, ಟಿವಿಯ ಬಳಿಯೂ ಅದೇ. ಅವತ್ತು ಮೀಟರು ಹಿಡಿದು ಮನೆಯೆಲ್ಲ ತಿರುಗಿದೆ. ದೇವರ ಗೂಡು, ಮಂಚದ ಕೆಳಗೆ, ಅಕ್ಕಿಡಬ್ಬದ ಹಿಂದೆ, ಎಲ್ಲ ಕಡೆ. ಐವತ್ತೆರಡು ವರ್ಷ ನಾನು ಬದುಕಿದ ಮನೆಗಳೆಲ್ಲ ಇಷ್ಟು ಕತ್ತಲಾಗಿದ್ದವೇ, ಕಣ್ಣು ಇಷ್ಟು ಕಾಲ ನನಗಾಗಿ ಸುಳ್ಳು ಹೇಳುತ್ತ ಬಂದಿತ್ತೇ ಎಂದು ಯೋಚಿಸಿ ಅಚ್ಚರಿಯಿಂದ ಊಟ ಮರೆತೆ. ನೀವೂ ಒಮ್ಮೆ ಮೀಟರು ಸಿಕ್ಕರೆ ಮನೆಯೊಳಗೆ ಹಿಡಿದು ನೋಡಿ. ಸಿಗದಿದ್ದರೆ ಒಂದು ಕಳ್ಳಿ ಇಟ್ಟು ನೋಡಿ. ಅದಕ್ಕೆ ದಾಕ್ಷಿಣ್ಯವಿಲ್ಲ.

ಇನ್ನು ನನ್ನ ಎರಡನೆಯ ತಪ್ಪು. ಇದನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ನಾನು ಹುಟ್ಟಿ ಬೆಳೆದದ್ದು ಶೃಂಗೇರಿಯಿಂದ ಮೇಲೆ, ಕೆರೆಕಟ್ಟೆಯಲ್ಲಿ. ಅಲ್ಲಿ ಮಳೆ ಶುರುವಾದರೆ ಗಡಿಯಾರಕ್ಕೂ ಕೆಲಸವಿಲ್ಲ. ನಮ್ಮಜ್ಜಿ ಹೊತ್ತು ಹೇಳುತ್ತಿದ್ದದ್ದು ಅಂಗಳದ ಬಿಸಿಲು ನೋಡಿ. ಬಿಸಿಲು ಒರಳುಕಲ್ಲಿಗೆ ಬಂದರೆ ಬಸ್ಸು ಬರುವ ಹೊತ್ತು, ಮೆಟ್ಟಿಲ ಮೇಲಿಂದ ಇಳಿದರೆ ಕರು ಬಿಡುವ ಹೊತ್ತು. ಆಷಾಢದಲ್ಲಿ ಅವಳಿಗೆ ಹೊತ್ತೇ ತಿಳಿಯದು. "ಬಸ್ಸು ಹೋಯ್ತನಾ?" ಎಂದು ದಿನವಿಡೀ ಕೇಳುವಳು. ಮರ ಬಿದ್ದು ಬಸ್ಸು ನಾಲ್ಕು ದಿನದಿಂದ ಬಂದೇ ಇರುತ್ತಿರಲಿಲ್ಲ.

ಅಂಥ ಮಳೆಯ ನಡುವೆ ಒಂದು ಗಳಿಗೆ ಮೋಡ ಹರಿದು ಬಿಸಿಲು ಬಿತ್ತೆನ್ನಿ. ಯಾರಾದರೊಬ್ಬರು "ಬಿಸಿಲು ಬಂತೋ!" ಎಂದು ಕೂಗುತ್ತಿದ್ದರು. ಮನೆಮಂದಿಯೆಲ್ಲ ಮಾಡುವ ಕೆಲಸ ಬಿಟ್ಟು ಏಳುತ್ತಿದ್ದರು. ಹಾಸಿಗೆ, ಕಂಬಳಿ, ಬೂಸ್ಟು ಹಿಡಿದ ಹಪ್ಪಳ, ಕೊಬ್ಬರಿ ಬಟ್ಟಲು, ನನ್ನ ಪಾಠದ ಪುಸ್ತಕ, ಅಪ್ಪನ ಚರ್ಮದ ಚಪ್ಪಲಿ, ಎಲ್ಲ ಅಂಗಳಕ್ಕೆ. ಕೊನೆಗೆ ಅಜ್ಜಿಯನ್ನೂ ಎರಡು ಕಡೆ ಹಿಡಿದು ತಂದು ಚಾಪೆಯ ಮೇಲೆ ಕೂರಿಸುತ್ತಿದ್ದೆವು. ಅರ್ಧ ಗಂಟೆಗೆ ಹನಿ ಬೀಳುತ್ತಿತ್ತು. ಅಷ್ಟನ್ನೂ ಮತ್ತೆ ಒಳಗೆ ಹೊರುತ್ತಿದ್ದೆವು, ಅಜ್ಜಿ ಸಮೇತ. ಬಿಸಿಲು ಕಂಡರೆ ಇರುವುದನ್ನೆಲ್ಲ ಅದರ ಕೆಳಗಿಡಬೇಕು ಎನ್ನುವುದು ನನ್ನ ರಕ್ತದಲ್ಲಿದೆ. ಬಿಸಿಲು ಹೆಚ್ಚಾಗುವುದೂ ಒಂದು ಉಂಟು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ, ವಾರಗಟ್ಟಲೆ ಸುರಿದ ಮಳೆ ಬಿಟ್ಟು ಆಕಾಶ ತೊಳೆದಿಟ್ಟ ಹಾಗಾಯಿತು. ಒಬ್ಬನೇ ಇದ್ದರೂ "ಬಿಸಿಲು ಬಂತು!" ಎಂದು ಗಟ್ಟಿಯಾಗಿಯೇ ಹೇಳಿದೆ. ಹಾಸಿಗೆ ಹಿತ್ತಿಲಿಗೆ ಬಂತು, ದಿಂಬು ಬಂತು, ಕ್ಯಾಮೆರಾದ ಚೀಲ ಬಂತು. ಎಲ್ಲಕ್ಕಿಂತ ಮುಂಚೆ ಕಳ್ಳಿ ಬಂತು. 'ತಗೋ, ಎರಡು ತಿಂಗಳ ಬಾಕಿ ಇವತ್ತೇ ತೀರಿಸ್ಕೋ' ಎಂದು ನಡುಬಿಸಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟೆ. ಅವತ್ತು ಕಡಹಿನಬೈಲಿನ ಒಂದು ಸಂಸಾರ ಹನ್ನೊಂದು ಜನ ಗುಂಪು ಫೋಟೋಕ್ಕೆ ಬಂದಿತ್ತು. ಒಬ್ಬರು ನಕ್ಕರೆ ಒಬ್ಬರು ಕಣ್ಣು ಮುಚ್ಚುವುದು, ಹೀಗೆ ಹೊತ್ತು ಹೋಯಿತು. ನಾಲ್ಕು ಗಂಟೆಗೆ ಹಾಸಿಗೆ ತರಲು ಹೋದಾಗ ಕಳ್ಳಿಯ ಎಳೆಯ ಕುತ್ತಿಗೆ, ಒಂದು ಮಗ್ಗುಲಿನ ಮೂರು ಏಣು ಬೆಳ್ಳಗೆ ಬಿಳಿಚಿಕೊಂಡಿದ್ದವು. ಎರಡು ದಿನದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿತು, ಸುಟ್ಟ ಚರ್ಮವೇ ಸರಿ. ಮರುಭೂಮಿಯ ಗಿಡವನ್ನು ಕೊಪ್ಪದಲ್ಲಿ ಬಿಸಿಲಿಗೆ ಸುಟ್ಟವನು ನಾನೊಬ್ಬನೇ ಇರಬೇಕು. ಎರಡು ತಿಂಗಳು ಉಪವಾಸ ಇದ್ದವರಿಗೆ ಒಮ್ಮೆಗೇ ಹಬ್ಬದೂಟ ಬಡಿಸಬಾರದು ಎಂದು ನಮ್ಮಜ್ಜಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬಿಸಿಲೂ ಊಟವೇ ಎಂದು ಮಾತ್ರ ಹೊಳೆದಿರಲಿಲ್ಲ.

ಸುಟ್ಟ ದಿನದ ಸಂಜೆಯೇ ಫೋನು. "ಕಳ್ಳಿ ಹೆಂಗೈತ್ರಿ?"

"ಗುಂಡುಕಲ್ಲಿನ ಹಾಗಿದೆ," ಎಂದೆ.

ಅವಳು "ಹೂಂ," ಎಂದು ಇಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಇದರಷ್ಟು ಚುಚ್ಚಿದ್ದು ಇನ್ನೊಂದಿಲ್ಲ.

ಮುಂದೇನು? ಹಾಲು ಕತ್ತಲು, ಹಿತ್ತಿಲು ಬೆಂಕಿ. ಮತ್ತೆ ಮೀಟರು ಹಿಡಿದು ಹೊರಟೆ. ಅಡುಗೆಮನೆಗೆ ಹೋದಾಗ ಹನ್ನೆರಡೂವರೆ. ಅಲ್ಲಿನ ಮಾಡಿನಲ್ಲಿ ಅಮ್ಮನ ಕಾಲದಲ್ಲಿ ಹಾಕಿಸಿದ ಒಂದೇ ಒಂದು ಗಾಜಿನ ಹೆಂಚಿದೆ. ಅದರ ನೇರ ಕೆಳಗೆ, ನೆಲದ ಮೇಲೆ, ಒಂದು ಬಿಸಿಲಿನ ಚೌಕ ಬಿದ್ದಿತ್ತು. ಪುಸ್ತಕ ಬಿಡಿಸಿಟ್ಟಷ್ಟು ಅಗಲ. ಮೀಟರು ಹಿಡಿದರೆ ಮುಳ್ಳು ಮುಕ್ಕಾಲು ಪಾಲು ಏರಿತು. ಬಿಸಿಲು ಹೌದು, ಗಾಜು ದಾಟಿ ಸ್ವಲ್ಪ ಮೆತ್ತಗಾದ ಬಿಸಿಲು. ಕಳ್ಳಿಯನ್ನು ತಂದು ಮೊದಲ ದಿನ ಕಾಲು ಗಂಟೆ, ಮರುದಿನ ಅರ್ಧ ಗಂಟೆ ಇಟ್ಟೆ. ಮಗುವಿಗೆ ಅನ್ನ ಕಲಿಸಿದ ಹಾಗೆ.

ಆದರೆ ಆ ಚೌಕ ನಿಂತಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಬಚ್ಚಲ ಬಾಗಿಲ ಹತ್ತಿರ ಇರುತ್ತದೆ, ಎರಡು ಗಂಟೆಗೆ ಹಾಲಿನ ಹೊಸಿಲು ಮುಟ್ಟುತ್ತದೆ. ಕಳ್ಳಿಯನ್ನು ಅದರ ಜೊತೆ ದೂಡುತ್ತ ಹೋಗಬೇಕು. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೊಂದು ಅಲಾರಂ ಇಟ್ಟೆ. ಪಾಸ್‌ಪೋರ್ಟ್ ಫೋಟೋಕ್ಕೆ ತಲೆ ಬಾಚಿ ಗದ್ದ ಎತ್ತಿ ಕೂತ ಗಿರಾಕಿಗೆ "ಒಂದ್ನಿಮಿಷ, ಹಂದಾಡಬೇಡಿ," ಎಂದು ಒಳಗೆ ಓಡುವುದು, ಕುಂಡ ದೂಡಿ ಓಡಿ ಬರುವುದು. ಅವರು ಪಾಪ ಹಂದಾಡದೆ ಕೂತಿರುತ್ತಿದ್ದರು. "ಒಳಗೆ ಯಾರಿಗೆ ಹುಷಾರಿಲ್ಲ?" ಎಂದು ಸೀತೂರಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು. "ಮಾವನ ಕಡೆಯವರು," ಎಂದುಬಿಟ್ಟೆ.

ಚೌಕ ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುವುದಿಲ್ಲ ಎಂದು ತಿಳಿದದ್ದು ವಾರದ ಮೇಲೆ. ನಿನ್ನೆಯ ಅಂದಾಜಿನಲ್ಲಿ ಕುಂಡ ಇಟ್ಟರೆ ಇವತ್ತು ಅರ್ಧ ನೆರಳಲ್ಲಿ. ನಾನು ಹೆಂಚು ಸರಿದಿರಬೇಕೆಂದು ಏಣಿ ಹಾಕಿ ಹತ್ತಿ ನೋಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದ ಕಥೆ. ಹೆಂಚು ಇದ್ದಲ್ಲೇ ಇತ್ತು. ಸರಿ, ದಿನಾ ಹನ್ನೆರಡೂವರೆಗೆ ಚೌಕದ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯತೊಡಗಿದೆ. ಮೋಡದ ದಿನ ಗೆರೆಯಿಲ್ಲ. ಗೆರೆಗಳು ಉತ್ತರದ ಗೋಡೆಯ ಕಡೆಗೆ ಹೊರಟವು, ದಿನಕ್ಕೆ ಒಂದು ಬೆರಳು, ಒಂದೂವರೆ ಬೆರಳು.

ದಕ್ಷಿಣಾಯನ, ಉತ್ತರಾಯಣ ಎಂದು ಪಂಚಾಂಗದಲ್ಲಿ ನೋಡುತ್ತಲೇ ಬೆಳೆದವನು ನಾನು. ಸಂಕ್ರಾಂತಿಗೆ ಎಳ್ಳು ಬೆಲ್ಲ ತಿಂದಿದ್ದೇನೆ. ಸೂರ್ಯ ದಕ್ಷಿಣಕ್ಕೆ ನಡೆಯುವಾಗ ಅವನ ಬಿಸಿಲು ನಮ್ಮ ಮನೆಯೊಳಗೆ ಉತ್ತರಕ್ಕೆ ನಡೆಯುತ್ತದೆ ಎಂಬುದು ಮಾತ್ರ ಐವತ್ತೆರಡನೆಯ ವಯಸ್ಸಿನಲ್ಲಿ, ಮೊಣಕಾಲೂರಿ ಕೂತಾಗ ತಿಳಿಯಿತು. ಒಂಬತ್ತು ಕೋಟಿ ಮೈಲಿಯಾಚೆಯಿಂದ ಹೊರಟ ಬೆಳಕು, ಇಷ್ಟು ದೊಡ್ಡ ಭೂಮಿಯಲ್ಲಿ, ಗೋದಾಮಿನ ಗೋಡೆ ದಾಟಿ, ಪಾಚಿ ಕಟ್ಟಿದ ಒಂದು ಗಾಜಿನ ಹೆಂಚಿನೊಳಗೆ ಇಳಿದು, ನಿನ್ನೆಯ ಗೆರೆಗಿಂತ ಒಂದೂವರೆ ಬೆರಳು ಮುಂದೆ ಬಂದು ನಿಲ್ಲುತ್ತದೆ. ತಡವಿಲ್ಲ, ಮರೆವಿಲ್ಲ. ನಾನು ಇಲ್ಲದಿದ್ದರೂ ಬರುತ್ತಿತ್ತು, ಇಷ್ಟು ವರ್ಷವೂ ಬಂದಿತ್ತು. ಕೆಲವು ದಿನ ಗೆರೆ ಎಳೆದ ಮೇಲೆ ಕೈಯನ್ನು ಆ ಚೌಕದಲ್ಲಿ ಹಾಗೇ ಇಟ್ಟುಕೊಂಡು ಕೂತಿರುತ್ತಿದ್ದೆ. ಅಂಗೈ ಬೆಚ್ಚಗಾಗುವುದು. ನನಗೆ ಅಳು ಬಂದ ಹಾಗಾಗುತ್ತಿತ್ತು, ಯಾಕೆಂದು ಗೊತ್ತಿಲ್ಲ.

ನವರಾತ್ರಿಯ ಹೊತ್ತಿಗೆ ಗೆರೆಗಳು ನಾಲ್ಕೈದು ಅಡಿ ಹೋಗಿದ್ದವು. ಕಳ್ಳಿಯ ಸುಟ್ಟ ಮಗ್ಗುಲು ಒಣಗಿ ಗಟ್ಟಿಯಾಗಿತ್ತು, ನೆತ್ತಿಯಲ್ಲಿ ಹೊಸ ಮುಳ್ಳಿನ ಕೆಂಪು ಕಾಣುತ್ತಿತ್ತು. ಬದುಕಿತು ಎಂದು ಉಸಿರು ಬಿಟ್ಟೆ. ಆಯುಧಪೂಜೆಯ ದಿನ ಕ್ಯಾಮೆರಾ, ಮೀಟರು ಎಲ್ಲಕ್ಕೂ ಕುಂಕುಮ ಇಟ್ಟು, ಮಧ್ಯಾಹ್ನ ಗೆರೆ ಎಳೆಯಲು ಹೋದೆ. ಬಿಸಿಲು ಅವತ್ತು ಬಹಳ ಸ್ವಚ್ಛವಾಗಿತ್ತು. ಚೌಕದೊಳಗೆ ಕೆಂಪು ನೆಲದ ಮೇಲೆ ಬಳೆಯಾಕಾರದ ಒಂದು ಮಾಸಲು ಗುರುತು ಕಂಡಿತು. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಕುಂಡವನ್ನು ಎತ್ತಿ ಅದರ ಮೇಲಿಟ್ಟೆ. ಸರಿಯಾಗಿ ಕೂತಿತು.

ಇನ್ನೊಂದು ಅಡಿ ಮುಂದೆ ಇನ್ನೊಂದು ಬಳೆ. ಟಾರ್ಚ್ ತಂದು ಬಗ್ಗಿ ನೋಡಿದೆ. ಹಿಂದೆ, ಮುಂದೆ, ನನ್ನ ಗೆರೆಗಳ ಉದ್ದಕ್ಕೂ, ಗೆರೆಗಳು ಇನ್ನೂ ತಲುಪದ ಉತ್ತರದ ಗೋಡೆಯವರೆಗೂ, ಒಂದರ ಮೇಲೊಂದು ಹತ್ತಿದ ಕುಂಡದ ಬಳೆಗುರುತುಗಳು. ನಾನು ಕಂಡುಹಿಡಿದೆ ಎಂದು ಬೀಗುತ್ತಿದ್ದ ಸೂರ್ಯನ ದಾರಿಯನ್ನು ಯಾರೋ ಹತ್ತೊಂಬತ್ತು ವರ್ಷ ಮೊದಲೇ ನಡೆದು, ವರ್ಷ ವರ್ಷವೂ ನಡೆದು, ನೆಲವನ್ನೇ ಸವೆಸಿದ್ದರು. ಮೀಟರಿಲ್ಲ, ಸೀಮೆಸುಣ್ಣವಿಲ್ಲ, ಅಲಾರಂ ಇಲ್ಲ.

ಆ ಬಳೆಗಳ ಪಕ್ಕದಲ್ಲೇ, ಪ್ರತಿ ಬಳೆಗೂ ಜೊತೆಯಾಗಿ, ಎರಡೆರಡು ಉದ್ದನೆಯ ಗೀರುಗಳಿದ್ದವು. ಅವೇನೆಂದು ತಿಳಿಯಲು ನನಗೆ ಟಾರ್ಚು ಬೇಕಾಗಲಿಲ್ಲ. ಗೋಡೆಗೆ ಒರಗಿಸಿಟ್ಟ ಗಿರಿಜಳ ಮಣೆ ಅಲ್ಲೇ ಇತ್ತು. ಅದರ ಕೆಳಗಿನ ಎರಡು ಪಟ್ಟಿಗಳನ್ನು ಗೀರುಗಳ ಮೇಲೆ ಇಟ್ಟು ನೋಡುವ ಧೈರ್ಯ ಬರದೆ ಸುಮ್ಮನೆ ನೋಡುತ್ತ ಕೂತೆ. ಅಕ್ಕಿ ಆರಿಸುವುದು, ಬೆಳ್ಳುಳ್ಳಿ ಸುಲಿಯುವುದು, ಹೂ ಕಟ್ಟುವುದು ಎಲ್ಲ ಅವಳು ನೆಲದ ಮೇಲೆ ಕೂತೇ. ಒಂದು ದಿನ ಒಲೆಯ ಬಳಿ, ಒಂದು ದಿನ ಹೊಸಿಲ ಬಳಿ. "ದಾರಿಗಡ್ಡ ಯಾಕೆ ಕೂತ್ಕೊಳ್ತೀಯ ಮಾರಾಯ್ತಿ, ಎಡವಿ ಬೀಳ್ತೇನೆ," ಎಂದು ಎಷ್ಟು ಸಲ ರೇಗಿದ್ದೆ. ಅವಳು ಮಣೆ ಒಂದಿಷ್ಟು ಸರಿಸುತ್ತಿದ್ದಳು. ಆ ಕತ್ತಲ ಮನೆಯಲ್ಲಿ ಪುಸ್ತಕದಗಲದ ಒಂದು ಬಿಸಿಲು. ಅದರಲ್ಲಿ ಅಪ್ಪನ ಕಳ್ಳಿಗೆ ಅರ್ಧ, ತನಗೆ ಅರ್ಧ.

ಆಗಲೇ ಇನ್ನೊಂದು ನೆನಪು ಬಂತು. ಅದು ಬರದೇ ಇದ್ದಿದ್ದರೆ ಚೆನ್ನಾಗಿತ್ತು. ಅವಳು ಬಂದ ಹೊಸತರಲ್ಲಿ ಕಳ್ಳಿ ಅಡುಗೆಮನೆಯಲ್ಲಿ ಇರಲಿಲ್ಲ. ಸ್ಟುಡಿಯೋದಲ್ಲಿ ಖಾಲಿ ಸೈಟಿನ ಕಡೆಗೆ, ದಕ್ಷಿಣಕ್ಕೆ, ಮೂರು ಬಾಗಿಲಿನ ದೊಡ್ಡ ಕಿಟಕಿಯಿತ್ತು. ಚಳಿಗಾಲದಲ್ಲಿ ಅಲ್ಲಿಂದ ಬಿಸಿಲು ಮಂಚದಷ್ಟು ಅಗಲ ಒಳಗೆ ಬೀಳುತ್ತಿತ್ತು. ಕಳ್ಳಿ ಆ ಕಿಟಕಿಯ ದಂಡೆಯಲ್ಲಿತ್ತು, ಗಿರಿಜಳೂ ಅಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಆ ಚಳಿಗಾಲ ಕಳೆಯುತ್ತಲೇ ನಾನು ಹೊಸ ಲೈಟುಗಳನ್ನು ತಂದೆ. ಹೊರಗಿನ ಬೆಳಕು ಗಳಿಗೆಗೊಂದು ಬಣ್ಣ, ನನ್ನ ಮಾತು ಕೇಳುವುದಿಲ್ಲ. ಕಿಟಕಿಗೆ ಪ್ಲೈವುಡ್ ಹೊಡೆಸಿ ಕಪ್ಪು ಬಣ್ಣ ಬಳಿದು, ಅದರ ಮುಂದೆ ಸಮುದ್ರ ಮತ್ತು ತೆಂಗಿನಮರದ ಪರದೆ ಇಳಿಬಿಟ್ಟೆ. ಆ ಸಂಜೆ ಅವಳು ಕುಂಡವನ್ನು ಎತ್ತಿಕೊಂಡು ಒಳಗೆ ಹೋದಳು. "ಕತ್ತಲಾಯ್ತಾ?" ಎಂದು ಕೇಳಿದ್ದೆ, ಹೌದು, ಕೇಳಿದ್ದೆ. "ಇಲ್ಲ ಬಿಡ್ರಿ, ಕಾಣುತ್ತೆ," ಎಂದಿದ್ದಳು. ನಾನು ನಂಬಿದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಮಾಡಿದವನು ಯಾವನೋ ಫೋಟೋಗ್ರಾಫರನೇ ಇರಬೇಕು.

ಅತ್ತೆ ಕೋಲು ಹಿಡಿದು ಓಡಾಡುವಂತಾದರು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬರುತ್ತೇನೆ ಎಂದು ಗಿರಿಜ ಫೋನ್ ಮಾಡಿದಳು. ಅವತ್ತು ಬೆಳಿಗ್ಗೆ ರಾಘಣ್ಣನನ್ನು ಹಾರೆ ಸಮೇತ ಕರೆದೆ. ಸಮುದ್ರದ ಪರದೆ ಸುತ್ತಿಟ್ಟೆವು. ಮೊಳೆಗಳು ತುಕ್ಕು ಹಿಡಿದು ಮರದೊಳಗೇ ಕರಗಿದ್ದವು.

"ಹಬ್ಬದ ದಿನ ಎಂತ ಹುಚ್ಚು ಮಾರಾಯ ನಿಂದು? ಇದನ್ನ ಒಡೆದ್ರೆ ನಿನ್ನ ಲೈಟಿನ ಲೆಕ್ಕ ಎಲ್ಲ ಹಾಳಾಗಲ್ವನಾ?" ಎಂದ ರಾಘಣ್ಣ.

"ಹಾಳಾಗಲಿ," ಎಂದೆ. "ಹಾರೆ ಹಾಕು."

ಪ್ಲೈವುಡ್ ಕಿರುಗುಟ್ಟಿ ಬಿದ್ದಿತು. ಹತ್ತೊಂಬತ್ತು ವರ್ಷ ಹೊರಗೆ ಕಾಯುತ್ತಿದ್ದ ಬಿಸಿಲು ಒಳಗೆ ಬಂದು ನೆಲದ ಮೇಲೆ ಮಲಗಿತು. ಧೂಳೆಲ್ಲ ಎದ್ದು ಅದರಲ್ಲಿ ಹೊಳೆಯಿತು. ರಾಘಣ್ಣ ಜೇಬಿನಿಂದ ಒಂದು ದಾರದ ಉಂಡೆ ತೆಗೆದು ಬಿಸಿಲಿಗೆ ಹಿಡಿದು, "ನೀಲಿ," ಎಂದ. ನಾನು ಮೀಟರು ಹಿಡಿದೆ. ಮುಳ್ಳು ಕೊನೆಯವರೆಗೆ ಹೋಗಿ, ಇನ್ನು ಜಾಗವಿಲ್ಲದೆ ಅಲ್ಲೇ ನಡುಗುತ್ತ ನಿಂತಿತು.

ಗಿರಿಜ ಬಂದಾಗ ಮಧ್ಯಾಹ್ನ ಎರಡು. ನಾನು ಕಳ್ಳಿಯನ್ನು ಕಿಟಕಿಯ ಒಂದು ಬದಿಗೆ, ಅರೆನೆರಳಿನಲ್ಲಿಟ್ಟು, ಸುಟ್ಟ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿದ್ದೆ. ಅವಳು ಚೀಲ ಕೆಳಗಿಟ್ಟವಳೇ ನೇರ ಹೋಗಿ ಕುಂಡವನ್ನು ತಿರುಗಿಸಿದಳು.

"ಸುಟ್ಟಿದ್ದೀರಲ್ರೀ."

"ಹೂಂ."

"ಶ್ರಾವಣದಾಗೆ?"

"ಹೂಂ. ಆವತ್ತು ನಿನಗೆ ಸುಳ್ಳು ಹೇಳಿದೆ."

ಅವಳು ಸುಟ್ಟ ಏಣುಗಳ ಮೇಲೆ, ಮುಳ್ಳಿನ ನಡುವೆ, ಬೆರಳಾಡಿಸಿದಳು. ಆಮೇಲೆ ಕುಂಡವನ್ನು ಇನ್ನೊಂದು ಕಡೆ ತಿರುಗಿಸಿ ಬುಡದ ಹತ್ತಿರ ತೋರಿಸಿದಳು. ಅಲ್ಲಿ ಕಂದು ಬಣ್ಣದ ಹಳೆಯ ಕಲೆಯೊಂದಿತ್ತು, ನಾಣ್ಯದಗಲ. "ಇದು ನಾನು ಸುಟ್ಟಿದ್ದು. ಅಡುಗೆಮನೆಗೆ ತಂದ ಮೊದಲ್ನೇ ಶ್ರಾವಣ, ಹಿತ್ತಿಲಾಗೆ ಇಟ್ಟಿದ್ದೆ. ಬಿಸಿಲು ಅಂದ್ರೆ ಬಿಸಿಲು ಅನ್ಕೊಂಡಿದ್ದೆ. ಇಲ್ಲಿಂದು ಬೇರೆ ಅಂತ ಗೊತ್ತಿರ್ಲಿಲ್ಲ. ನಿಮಗೆ ಹೇಳಿರ್ಲಿಲ್ಲ."

ಅಷ್ಟು ಹೇಳಿದ ಮೇಲೆ ಅವಳು ತಲೆ ಎತ್ತಿದಳು. ತಾನು ನಿಂತಿರುವುದು ಎಲ್ಲಿ ಎಂದು ಆಗ ಅವಳ ಅರಿವಿಗೆ ಬಂದಿರಬೇಕು. ಕಿಟಕಿ ನೋಡಿದಳು, ಗೋಡೆಗೊರಗಿಸಿದ ಕಪ್ಪು ಪ್ಲೈವುಡ್ ನೋಡಿದಳು, ನೆಲ ನೋಡಿದಳು. "ಅಡುಗೆಮನೆ ನೆಲ ನೋಡಿದೆ," ಎಂದಷ್ಟೇ ಹೇಳಿದೆ.

ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನನ್ನ ಗೆರೆಗಳನ್ನು ನೋಡುತ್ತಿರಬೇಕು. ಬಂದಾಗ ಕೈಯಲ್ಲಿ ಮಣೆ ಇತ್ತು. ಬಿಸಿಲಿನ ನಟ್ಟನಡುವೆ ಹಾಕಿ, ಬಸ್ಸಿನ ಧೂಳಿನ ಸೀರೆಯಲ್ಲೇ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿದಳು. ಬಿಸಿಲು ಅವಳ ಮುಖದ ತುಂಬ, ತೋಳಿನ ತುಂಬ, ಅಂಗಾಲಿನವರೆಗೂ ಬಿದ್ದಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಹಾಗೆ ಬೆಳಕು ಬಿದ್ದ ಮುಖ ನೋಡಿರಲಿಲ್ಲ. ಅಭ್ಯಾಸಬಲ, ಕೈ ಕ್ಯಾಮೆರಾದ ಕಡೆಗೆ ಹೋಯಿತು.

"ಫೋಟೋ ಬ್ಯಾಡ್ರಿ," ಎಂದಳು, ಕಣ್ಣು ತೆರೆಯದೆ.

ತೆಗೆಯಲಿಲ್ಲ. ಕಳ್ಳಿ ಹೂ ಬಿಟ್ಟಿತೇ ಎಂದು ನೀವು ಕೇಳಬಹುದು. ಇಲ್ಲ, ಇವತ್ತಿನವರೆಗೂ ಬಿಟ್ಟಿಲ್ಲ. ಆದರೆ ಅವತ್ತು ಆ ಹೊತ್ತಿಗೇ ಒಬ್ಬ ಗಿರಾಕಿ ಬಂದ. ಪಾಸ್‌ಪೋರ್ಟ್ ಫೋಟೋ ಅರ್ಜೆಂಟಾಗಿ ಬೇಕು, ಬಸ್ಸಿಗೆ ಹೊತ್ತಾಯಿತು ಎಂದ. ನಾನು ಗಿರಿಜಳನ್ನು ಏಳಿಸದೆ, ಒಳಗಿನಿಂದ ಒಂದು ಕುರ್ಚಿ ತಂದು ಬಾಗಿಲ ಹೊರಗೆ ಹಾಕಿದೆ.

"ಸ್ವಲ್ಪ ಕೂತಿರಿ," ಎಂದೆ. "ಬಿಸಿಲು ಸರಿಯಲಿ."